ಬ್ರೇಕ್ ವಯರೊಳಗಿನ ಮಳೆನೀರು

ಆಯುಧ ಪೂಜೆ ಕಳೆದು ದೀಪಾವಳಿ ಬರುವ ತನಕ ನಮ್ಮ ಅಂಗಡಿಗೆ ಬರುವ ದೂರು ಹೆಚ್ಚಾಗಿ ಒಂದೇ: "ಆಚಾರ್ರೆ, ಬ್ರೇಕ್ ಹಿಡ್ಕೊಂಡಿದೆ, ಬಿಡುದೇ ಇಲ್ಲ." ಆಸಾಡಿ, ಸೋಣೆಯ ಮಳೆಯಲ್ಲೆಲ್ಲ ನೆಟ್ಟಗೆ ಓಡಿದ ಗಾಡಿ ಬಿಸಿಲು ಬಂದ ಮೇಲೆ ಹಟ ಹಿಡಿಯುವುದು ಯಾಕೆ ಎಂದು ಜನರಿಗೆ ಆಶ್ಚರ್ಯ. ನನಗಿಲ್ಲ. ಮಳೆಗಾಲದಲ್ಲಿ ಗಾಡಿ ದಿನಾ ರಸ್ತೆಯ ಮೇಲೆ ಇರುತ್ತದೆ, ತಿರುವು ತಿರುವಿಗೂ ಲಿವರ್ ಒತ್ತುತ್ತಾರೆ, ವಯರು ಹಿಂದೆ ಮುಂದೆ ಜಾರುತ್ತಲೇ ಇರುತ್ತದೆ. ತುಕ್ಕಿಗೆ ಒಂದೆಡೆ ಕೂರಲು ಪುರುಸೊತ್ತೇ ಸಿಗುವುದಿಲ್ಲ. ಆಮೇಲೆ ಗಾಡಿ ಪೂಜೆ ಬರುತ್ತದೆ. ಪೈಪು ಹಿಡಿದು ಹ್ಯಾಂಡಲಿನಿಂದ ಚಕ್ರದ ತನಕ ನೀರು ಬಿಟ್ಟು ತೊಳೆದು, ಗೊಂಡೆ ಹೂವಿನ ಮಾಲೆ ಹಾಕಿ, ಕುಂಕುಮ ಇಟ್ಟು, ರಜೆಯ ನಾಲ್ಕು ದಿನ ಜಗಲಿಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ವಯರಿನ ಕೊಳವೆಯೊಳಗೆ ಇಳಿದ ನೀರಿಗೆ ಆ ನಾಲ್ಕು ದಿನ ಧಾರಾಳ ಸಾಕು.

ನಮ್ಮದು ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಬದಿಯ ಸೈಕಲ್ ಅಂಗಡಿ. ಈ ದಾರಿಯಲ್ಲೇ ಮರವಂತೆ ಇದೆ. ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ಅಲ್ಲಿ ನಿಂತು ಫೋಟೋ ತೆಗೆಯುವವರಿಗೆ ಅದು ಚಂದ. ದಿನಾ ಅಲ್ಲಿ ಓಡಾಡುವ ಗಾಡಿಯ ಕಬ್ಬಿಣಕ್ಕೆ ಮಾತ್ರ ಅದು ಶನಿ. ಜೂನ್, ಜುಲೈಯಲ್ಲಿ ತೆರೆ ಬಡಿದಾಗ ಏಳುವ ಹನಿ ಗಾಳಿಯ ಜೊತೆ ರಸ್ತೆ ದಾಟಿ ಹೋಗುತ್ತದೆ. ಬರಿ ನೀರು ಆರಿ ಹೋಗುತ್ತದೆ, ಉಪ್ಪು ಆರುವುದಿಲ್ಲ. ಅದು ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಂಡು ಕಬ್ಬಿಣವನ್ನು ಒದ್ದೆಯಾಗಿಯೇ ಇಡುತ್ತದೆ.

ಅಜ್ಜನದು ಕುಲುಮೆ. ಕತ್ತಿ, ಹಾರೆ, ನೇಗಿಲ ಗುಳ, ಗಾಡಿ ಚಕ್ರದ ಪಟ್ಟೆ ಇವೇ ಅವರ ಕೆಲಸ. ತುಕ್ಕಿನ ವಿಷಯದಲ್ಲಿ ಅವರ ಕಾಲದ ಮನೆಗಳಿಗೆ ಒಂದು ಪದ್ಧತಿ ಇತ್ತು: ಸದ್ಯ ಕೆಲಸವಿಲ್ಲದ ಹತ್ಯಾರಿಗೆ ತೆಂಗಿನೆಣ್ಣೆ ಸವರಿ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು. ಎಣ್ಣೆಯ ಮೇಲೆ ಹೊಗೆ ಕೂತು ಕಪ್ಪು ಪದರ ಕಟ್ಟುತ್ತಿತ್ತು. ಅದರ ಮೇಲೆ ಎಷ್ಟು ಥಂಡಿ ಬಂದರೂ ಕಬ್ಬಿಣಕ್ಕೆ ತಾಗುತ್ತಿರಲಿಲ್ಲ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಹಾಕುತ್ತಿದ್ದರು. ಎರಡು ಊರಿನ ಎರಡು ಪದ್ಧತಿ, ಆದರೆ ಒಂದು ಮಾತು ಎರಡಕ್ಕೂ ಒಂದೇ. ಎಣ್ಣೆ ಹಚ್ಚುವ ಜಾಗ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು.

ಅಪ್ಪಯ್ಯ ಕುಲುಮೆ ಬಿಟ್ಟು ಸೈಕಲಿಗೆ ಬಂದರು. ಅದಕ್ಕೂ ಮೊದಲು ಈ ಕಡೆ ಓಡುತ್ತಿದ್ದದ್ದು ಇಂಗ್ಲೆಂಡಿನಿಂದ ಬಂದ ರ‍್ಯಾಲಿ, ಹರ್ಕ್ಯುಲಿಸ್‌ಗಳು. ಅವು ಇದ್ದವರ ಮನೆಯ ವಾಹನ. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೋ ಶುರುವಾದವು. ಆಗ ಸೈಕಲು ಶಾಲೆಯ ಮಾಸ್ತರರಿಗೂ, ಪೋಸ್ಟಿನವರಿಗೂ, ಮೀನು ಮಾರುವವರಿಗೂ ಸಿಕ್ಕಿತು. ಕೊಳ್ಳಲು ಆಗದವರಿಗೆ ಅಪ್ಪಯ್ಯನ ಬಾಡಿಗೆ ಸೈಕಲ್ ಇತ್ತು. ಗಂಟೆಗೆ ಇಷ್ಟು ಪೈಸೆ, ಪುಸ್ತಕದಲ್ಲಿ ಹೆಸರು ಬರೆಸಿ, ಗೋಡೆ ಗಡಿಯಾರ ನೋಡಿ ಹೊತ್ತು ಹಾಕಿಸಿಕೊಂಡು ಹೋಗಬೇಕು. ತಂದುಕೊಟ್ಟಾಗ ಅಪ್ಪಯ್ಯ ಮೊದಲು ಮುಟ್ಟಿ ನೋಡುತ್ತಿದ್ದದ್ದು ಬ್ರೇಕು. ಬಿದ್ದು ಎದ್ದು ಬಂದ ಹುಡುಗರು ಬಾಯಿ ಬಿಡದಿದ್ದರೂ ಸೊಟ್ಟಗಾದ ಬ್ರೇಕ್ ರಾಡು ಎಲ್ಲ ಹೇಳಿಬಿಡುತ್ತಿತ್ತು.

ಆ ರಾಡ್ ಬ್ರೇಕನ್ನು ಈಗಿನ ಮಕ್ಕಳು ನೋಡಿರಲಿಕ್ಕಿಲ್ಲ. ಹ್ಯಾಂಡಲಿನ ಅಡಿಯಲ್ಲಿ ಉದ್ದಕ್ಕೆ ಲಿವರ್. ಅದರಿಂದ ಒಂದು ಉಕ್ಕಿನ ಸರಳು ನೇರ ಕೆಳಗಿಳಿದು, ಮುಂದಿನ ಚಕ್ರದ ಮೇಲೆ ಲಾಳದ ಆಕಾರದ ಕವೆಗೆ ಸೇರುತ್ತದೆ. ಕವೆಯ ಎರಡು ತುದಿಯಲ್ಲಿ ರಬ್ಬರ್ ಕಟ್ಟೆ. ಲಿವರ್ ಎತ್ತಿ ಹಿಡಿದರೆ ಕವೆ ಮೇಲಕ್ಕೆ ಬಂದು, ರಬ್ಬರು ರಿಮ್ಮಿನ ಒಳಮೈಗೆ ಒತ್ತುತ್ತದೆ. ಹಿಂದಿನ ಚಕ್ರಕ್ಕೆ ಇದೇ ಸರಳು ಮೊಣಕೈಯಂಥ ಕೀಲುಗಳಲ್ಲಿ ತಿರುಗಿ ಫ್ರೇಮಿನ ಗುಂಟ ಹೋಗುತ್ತದೆ. ಎಲ್ಲ ಬಯಲಲ್ಲಿ. ಮುಚ್ಚಿಟ್ಟದ್ದು ಒಂದಿಂಚೂ ಇಲ್ಲ. ಮಳೆ ಬಂದರೆ ಒದ್ದೆಯಾಗುತ್ತದೆ, ಬಿಸಿಲು ಬಂದರೆ ಒಣಗುತ್ತದೆ. ತುಕ್ಕು ಹಿಡಿದರೆ ಹೊರಗೇ ಹಿಡಿಯುತ್ತದೆ, ಉಪ್ಪು ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ. ಕೀಲುಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟರೆ ಆ ವರ್ಷಕ್ಕೆ ಮುಗಿಯಿತು.

ಹಾಗಂತ ಅದನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಕ್ರೋಮಿನ ರಿಮ್ಮು ಒದ್ದೆಯಾಯಿತೆಂದರೆ ರಬ್ಬರು ಅದರ ಮೇಲೆ ಜಾರುತ್ತಿತ್ತು. ಮಳೆಯಲ್ಲಿ ಇಳಿಜಾರು ಇಳಿಯುವವರು ಬ್ರೇಕಿಗಿಂತ ಚಪ್ಪಲಿಯನ್ನೇ ಹೆಚ್ಚು ನಂಬುತ್ತಿದ್ದರು. ಹೊಂಡಕ್ಕೆ ಬಿದ್ದರೆ ಇಡೀ ಸೈಕಲು ಗಲಗಲ ಎನ್ನುತ್ತಿತ್ತು.

ಅತ್ಯಂತ ಕಷ್ಟ ಅನುಭವಿಸುತ್ತಿದ್ದದ್ದು ಮೀನಿನ ಸೈಕಲುಗಳು. ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರದಲ್ಲಿ ಬೂತಾಯಿ, ಬಂಗುಡೆ ತುಂಬಿಸಿಕೊಂಡು, ಮೇಲೆ ಐಸು ಹಾಕಿ, ಹಾರ್ನ್ ಒತ್ತುತ್ತ ಒಳನಾಡಿನ ಹಳ್ಳಿಗಳಿಗೆ ಹೊರಡುವವರು. ಐಸು ಕರಗಿದ ಉಪ್ಪುನೀರು ಪೆಟ್ಟಿಗೆಯ ಸಂದಿನಿಂದ ಇಳಿದು ತೊಟ್ಟಿಕ್ಕುವುದು ಸರಿಯಾಗಿ ಹಿಂದಿನ ಬ್ರೇಕಿನ ಮೇಲೆ. ಕೀಲಿನ ಪಿನ್ನು ಒಂದು ಮಗ್ಗುಲಿಗೆ ಸವೆದು ಅರ್ಧ ಉಳಿದಿರುತ್ತಿತ್ತು, ಇನ್ನೊಂದು ಮಗ್ಗುಲು ಹೊಸದರ ಹಾಗೇ ಇರುತ್ತಿತ್ತು. ನೀರು ಎಲ್ಲಿ ಬೀಳುತ್ತದೆ ಎಂಬುದರ ಲೆಕ್ಕ ಪಿನ್ನಿನಲ್ಲೇ ಸಿಗುತ್ತಿತ್ತು. ಅಪ್ಪಯ್ಯ ಹಳೇ ಟ್ಯೂಬಿನ ತುಂಡು ಕತ್ತರಿಸಿ ಆ ಕೀಲಿಗೆ ಸುತ್ತುತ್ತಿದ್ದರು. ಸುತ್ತುವಾಗ ಕೆಳಗಿನ ಬದಿ ಮಾತ್ರ ಬಿಗಿಯುತ್ತಿರಲಿಲ್ಲ. "ಮೇಲಿಂದ ಬರುದನ್ನು ತಡಿಯೂದಲ್ಲ, ಬಂದದ್ದು ಹೋಪುಕೆ ದಾರಿ ಬೇಕು" ಎನ್ನುತ್ತಿದ್ದರು. ನಾನು ಕಲಿತ ಬ್ರೇಕ್ ವಿದ್ಯೆಯ ಮುಕ್ಕಾಲು ಪಾಲು ಈ ಮಾತಿನಲ್ಲೇ ಇದೆ.

ವಯರಿನ ಬ್ರೇಕಿಗೆ ಎರಡು ವಸ್ತು ಬೇಕು. ಒಳಗೆ ಹೊಸೆದ ವಯರು, ಹೊರಗೆ ಕೊಳವೆ. ಹೊಸೆದ ವಯರಿನ ಹಗ್ಗ ಮೊದಲು ಬಂದದ್ದು ಗಣಿಗೆ. ಜರ್ಮನಿಯ ಹಾರ್ಟ್ಸ್ ಬೆಟ್ಟದ ಬೆಳ್ಳಿ ಗಣಿಗಳಲ್ಲಿ ಸರಪಣಿಯ ಒಂದು ಕೊಂಡಿ ಹೇಳದೆ ಕೇಳದೆ ತುಂಡಾಗಿ ಭಾರವೆಲ್ಲ ಕೆಳಗೆ ಬೀಳುತ್ತಿತ್ತು. 1834ರಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿಸಿದರು. ಒಂದೆಳೆ ಕಡಿದರೂ ಉಳಿದವು ಹಿಡಿದುಕೊಳ್ಳುತ್ತವೆ, ಕಡಿದದ್ದು ಕಣ್ಣಿಗೂ ಕಾಣುತ್ತದೆ. ಇವತ್ತು ಸೈಕಲ್ ಬ್ರೇಕಿಗೆ ಹಾಕುವ ಒಂದೂವರೆ ಮಿಲಿಮೀಟರಿನ ವಯರೊಳಗೆ ಸಾಮಾನ್ಯವಾಗಿ ಇರುವುದು 19 ಎಳೆ. ಲಿವರ್ ಹತ್ತಿರ ಒಂದೆಳೆ ಕಡಿದರೆ ಬೆರಳಿಗೆ ಚುಚ್ಚುತ್ತದೆ. ಆಗಲೇ ಬದಲಾಯಿಸಬೇಕು. ನಮ್ಮ ಜನ ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ.

ಕೊಳವೆಯ ಉಪಾಯ ಅರ್ನೆಸ್ಟ್ ಮೊನಿಂಗ್ಟನ್ ಬೌಡನ್ ಅವರದು. ಲಂಡನ್ನಿನಲ್ಲಿದ್ದ ಅವರು 1896ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ರ‍್ಯಾಲಿ ಸೈಕಲ್ ಕಂಪನಿಯ ಯಜಮಾನ ಫ್ರಾಂಕ್ ಬೌಡನ್ ಇದನ್ನು ಕಂಡುಹಿಡಿದರು ಎಂದು ಬಹಳ ಜನ ಬರೆದಿದ್ದಾರೆ. ಹೆಸರು ಒಂದಾದ್ದರಿಂದ ಆದ ಗೊಂದಲ ಅದು. ಉಪಾಯ ಸರಳ. ಉಕ್ಕಿನ ತಂತಿಯನ್ನು ಒತ್ತೊತ್ತಾಗಿ ಸುರುಳಿ ಸುತ್ತಿದರೆ ಅದು ಬೇಕಾದ ಕಡೆ ಬಾಗುತ್ತದೆ, ಆದರೆ ಉದ್ದದಲ್ಲಿ ಕುಗ್ಗುವುದಿಲ್ಲ. ಅದರೊಳಗೆ ವಯರು ತೂರಿಸಿ ಒಂದು ತುದಿ ಎಳೆದರೆ, ದಾರಿ ಎಷ್ಟು ಸೊಟ್ಟಗಿದ್ದರೂ ಇನ್ನೊಂದು ತುದಿ ಅಷ್ಟೇ ಎಳೆಯುತ್ತದೆ. ರಾಡಿಗೆ ಬೇಕಿದ್ದ ಕೀಲು, ಬೋಲ್ಟು, ಕವೆ ಯಾವುದೂ ಬೇಡ. ನಮ್ಮ ಅಂಗಡಿಯ ಮಾತಿನಲ್ಲಿ ಸುರುಳಿ ಔಟರು, ವಯರು ಇನ್ನರು.

ಬೌಡನ್ನರ ಪೇಟೆಂಟಿಗೆ ಒಂದು ವರ್ಷ ಮೊದಲು, 1895ರ ಡಿಸೆಂಬರ್ 31ರಂದು, ಅಮೆರಿಕದ ಒಹಾಯೊದ ಆಗ್ಡನ್ ಬೋಲ್ಟನ್ ಎಂಬವರಿಗೆ ಇನ್ನೊಂದು ಪೇಟೆಂಟ್ ಸಿಕ್ಕಿತ್ತು: ಹಿಂದಿನ ಚಕ್ರದ ಗುಂಬದೊಳಗೇ ಮೋಟರು ಕೂರಿಸಿದ, ಬ್ಯಾಟರಿಯಲ್ಲಿ ಓಡುವ ಸೈಕಲಿಗೆ. ಇವತ್ತು ನನ್ನ ಅಂಗಡಿಯ ಮುಂದೆ ನಿಲ್ಲುವ ಬ್ಯಾಟರಿ ಸೈಕಲಿನ ಎರಡು ಮುಖ್ಯ ಭಾಗಗಳು ಒಂದು ವರ್ಷದ ಅಂತರದಲ್ಲಿ ಹುಟ್ಟಿದವು. ವಯರು ಕೂಡಲೇ ಲೋಕ ಸುತ್ತಿತು, ಮೋಟರು ನೂರು ವರ್ಷ ಮೂಲೆಯಲ್ಲಿ ಕೂತಿತ್ತು.

ಬೌಡನ್ನರ ಕೊಳವೆ ತಂದಿಟ್ಟ ತೊಂದರೆಯೂ ಕೊಳವೆಯೇ. ಬಯಲಲ್ಲಿದ್ದ ಸರಳು ಈಗ ಒಳಗೆ ಸೇರಿತು. ಲಿವರ್ ಹತ್ತಿರ ವಯರು ಔಟರೊಳಗೆ ನುಗ್ಗುವ ಬಾಯಲ್ಲಿ ಮಳೆನೀರು ಇಳಿಯುತ್ತದೆ, ವಯರಿನ ಎಳೆಗಳ ಸಂದಿಯಲ್ಲೇ ಹರಿದುಕೊಂಡು ಹೋಗಿ ಔಟರು ಎಲ್ಲಿ ಜೋತು ಬಿದ್ದಿದೆಯೋ ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೇಲಕ್ಕೆ ಹತ್ತಲಾರದು, ಆರಲು ಗಾಳಿಯೂ ಇಲ್ಲ. ಕಬ್ಬಿಣ ತುಕ್ಕಾದಾಗ ಇದ್ದದ್ದಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ. ಇನ್ನರಿಗೂ ಔಟರಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ತುಕ್ಕು ಅದನ್ನು ತುಂಬಿಕೊಂಡ ಮೇಲೆ ನಿಮ್ಮ ಬೆರಳ ಬಲಕ್ಕೆ ವಯರು ಒಂದು ಸಲ ಎಳೆದು ಬರಬಹುದು, ಆದರೆ ಬ್ರೇಕಿನ ಸಣ್ಣ ಸ್ಪ್ರಿಂಗಿಗೆ ಅದನ್ನು ವಾಪಸ್ ಎಳೆಯಲು ಆಗುವುದಿಲ್ಲ. ಹಿಡಿದ ಬ್ರೇಕು ಬಿಡುವುದಿಲ್ಲ ಎಂದರೆ ಇದೇ.

ನಮ್ಮ ಕಡೆ ವಯರು ಮೊದಲು ಬಂದದ್ದು ಮೋಟರ್ ಬೈಕು, ಮೊಪೆಡ್‌ಗಳಲ್ಲಿ. 1961ರ ಹೊತ್ತಿಗೆ ಮೈಸೂರಿನಲ್ಲಿ ಜಾವಾ ತಯಾರಾಗತೊಡಗಿತು. ಅದರ ಕ್ಲಚ್ಚಿಗೆ ವಯರು ಇದ್ದರೂ ಗೇರ್ ಲಿವರನ್ನು ಕಾಲಲ್ಲಿ ಒತ್ತಿದರೆ ಕ್ಲಚ್ಚು ತಾನೇ ಬಿಡುವ ಏರ್ಪಾಡು ಕೂಡ ಇತ್ತು. ಆದ್ದರಿಂದ ವಯರು ಕಡಿದರೂ ಜಾವಾದವರು ಗತ್ತಿನಲ್ಲೇ ಮನೆ ಸೇರುತ್ತಿದ್ದರು.  ಸೈಕಲಿಗೆ ವಯರು ನಿಜವಾಗಿ ಹಬ್ಬಿದ್ದು ಎಂಬತ್ತು, ತೊಂಬತ್ತರ ದಶಕದಲ್ಲಿ, ಬಿಎಸ್‌ಎ ಎಸ್‌ಎಲ್‌ಆರ್, ಹೀರೋ ರೇಂಜರ್, ಹರ್ಕ್ಯುಲಿಸ್ ಎಂಟಿಬಿ ಬಂದ ಮೇಲೆ. ಹೈಸ್ಕೂಲು ಹುಡುಗರಿಗೆ ರಾಡ್ ಬ್ರೇಕಿನ ಸೈಕಲು ಅಜ್ಜನ ಸೈಕಲಾಯಿತು.

ಆಗಿನ ಅಗ್ಗದ ಔಟರಿನೊಳಗೆ ಬರಿ ಸುರುಳಿ, ಉಕ್ಕಿಗೆ ಉಕ್ಕು ಉಜ್ಜುತ್ತಿತ್ತು. ಎಣ್ಣೆ ಇಳಿಸಲೇ ಬೇಕು. ಅದಕ್ಕೆ ಎಲ್ಲ ಅಂಗಡಿಯವರಿಗೂ ಗೊತ್ತಿದ್ದ ಒಂದು ಕೈಚಳಕ ಇತ್ತು. ವಯರು ಬಿಚ್ಚಿ ಗೋಡೆಯ ಮೊಳೆಗೆ ನೇತು ಹಾಕುವುದು. ಔಟರಿನ ಮೇಲಿನ ಬಾಯಿಗೆ ಪ್ಲಾಸ್ಟಿಕ್ ತೊಟ್ಟೆಯ ಮೂಲೆ ಕತ್ತರಿಸಿ ಕೊಳವೆಯ ಹಾಗೆ ಕಟ್ಟಿ, ಟ್ಯೂಬಿನ ರಬ್ಬರಿನಿಂದ ಬಿಗಿದು, ಅದರೊಳಗೆ ಎಣ್ಣೆ ಹೊಯ್ದು ರಾತ್ರಿ ಬಿಡುವುದು. ಬೆಳಿಗ್ಗೆ ನೋಡಿದರೆ ಕೆಳಗಿನ ಬಾಯಲ್ಲಿ ಮೊದಲು ಕೆಂಪು ನೀರು, ಆಮೇಲೆ ಕಪ್ಪು ಎಣ್ಣೆ, ಕೊನೆಗೆ ತಿಳಿ ಎಣ್ಣೆ ತೊಟ್ಟಿಕ್ಕಿದ ಗುರುತು ಕಾಗದದ ಮೇಲೆ ಬಿದ್ದಿರುತ್ತಿತ್ತು. ತಿಳಿ ಎಣ್ಣೆ ಬಂದರೆ ವಯರು ಇನ್ನೂ ಬಾಳುತ್ತದೆ. ಬೆಳಗಾದರೂ ಏನೂ ಬರದಿದ್ದರೆ ಗುಜರಿಗೆ.

ಯಾವ ಎಣ್ಣೆ ಎಂಬುದೇ ದೊಡ್ಡ ತಕರಾರು. ಮನೆಯಲ್ಲಿ ಇರುವುದು ತೆಂಗಿನೆಣ್ಣೆ, ಜನ ಅದನ್ನೇ ಬಿಡುತ್ತಿದ್ದರು. ಕಡಲ ಬದಿಯಲ್ಲಿ ಅದು ಹೇಗೋ ನಡೆಯಿತು. ಘಟ್ಟದ ಮೇಲೆ ನಡೆಯಲಿಲ್ಲ. ತೀರ್ಥಹಳ್ಳಿ ಕಡೆಯ ತೋಟದಲ್ಲಿ ಕೆಲಸಕ್ಕಿದ್ದ ಒಬ್ಬರು ಚಳಿಗಾಲದಲ್ಲಿ ಊರಿಗೆ ಬಂದಾಗಲೆಲ್ಲ ಸೈಕಲು ತಂದು, ಬೆಳಿಗ್ಗೆ ಬ್ರೇಕು ಕಲ್ಲಾಗಿರುತ್ತದೆ, ಹನ್ನೊಂದು ಗಂಟೆಗೆ ತಾನೇ ಸರಿಯಾಗುತ್ತದೆ, ಏನೋ ಗಾಳಿ ಸೋಕಿದೆ ಮಾರಾಯ್ರೆ ಎನ್ನುತ್ತಿದ್ದರು. ಇಲ್ಲಿ ನೋಡಿದರೆ ಯಾವ ದೋಷವೂ ಇಲ್ಲ. ಅಪ್ಪಯ್ಯ ಔಟರಿನ ಬಾಯಿ ಮೂಸಿ ನೋಡಿ ನಕ್ಕರು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಡಿಸೆಂಬರಿನ ಬೆಳಗಿಗೆ ಅದು ಔಟರಿನುದ್ದಕ್ಕೂ ಬೆಳ್ಳಗೆ ಗಟ್ಟಿಯಾಗಿ, ಬಿಸಿಲೇರಿದ ಮೇಲೆ ಕರಗುತ್ತಿತ್ತು. ಕೆನಡಾ, ಫಿನ್‌ಲೆಂಡ್‌ನಂಥ ದೇಶಗಳಲ್ಲಿ ಔಟರೊಳಗಿನ ನೀರೇ ಮಂಜುಗಡ್ಡೆಯಾಗಿ ಬ್ರೇಕು, ಗೇರು ಹಿಡಿಯುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲದ್ದಕ್ಕೆ ಎಣ್ಣೆಯಿಂದಲೇ ಆ ಕೆಲಸ ಮಾಡಿಸಿಕೊಂಡೆವು.

ಹರಳೆಣ್ಣೆ ಒಳ್ಳೆಯ ಎಣ್ಣೆ. ಹಿಂದೆ ವಿಮಾನದ ಎಂಜಿನ್ನಿಗೂ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಅದರ ಇಂಗ್ಲಿಷ್ ಹೆಸರಿನಿಂದ. ಆದರೆ ಹಳೆಯದಾದಂತೆ ಅಂಟಾಗುತ್ತದೆ, ಸಣ್ಣ ಸಂದಿಗೆ ಹೇಳಿದ್ದಲ್ಲ. ಸೀಮೆಎಣ್ಣೆ ಬಿಟ್ಟರೆ ಆ ಕ್ಷಣಕ್ಕೆ ವಯರು ಸರ್ರೆಂದು ಜಾರುತ್ತದೆ, ಗಿರಾಕಿ ಖುಷಿಯಾಗಿ ಹೋಗುತ್ತಾನೆ. ಅದು ಇದ್ದ ಗ್ರೀಸನ್ನೂ ತೊಳೆದುಕೊಂಡು ಆರಿ ಹೋಗಿರುತ್ತದೆ, ಹದಿನೈದು ದಿನಕ್ಕೆ ಅದೇ ಗಿರಾಕಿ ವಾಪಸ್. ಡಬ್ಬಿಯಿಂದ ಪುಸ್ ಎಂದು ಹೊಡೆಯುವ ಡಬ್ಲ್ಯುಡಿ-40ರ ಕಥೆಯೂ ಸ್ವಲ್ಪ ಹಾಗೆಯೇ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ, ರಾಕೆಟ್ಟಿನ ಮೈಗೆ ತುಕ್ಕು ಹಿಡಿಯದ ಹಾಗೆ ನೀರನ್ನು ಓಡಿಸಲು ಮಾಡಿದ್ದು ಅದು. ನೀರು ಓಡಿಸುವುದರಲ್ಲಿ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. ಆಮೇಲೆ ಬೇರೆ ಎಣ್ಣೆ ಬಿಡಬೇಕು ಎನ್ನುವುದನ್ನು ಜನ ಮರೆಯುತ್ತಾರೆ. ನಾನು ಬಹಳ ಕಾಲದಿಂದ ಹೊಲಿಗೆ ಯಂತ್ರದ ಎಣ್ಣೆಯನ್ನೇ ನಂಬಿದ್ದೇನೆ.

ಈಗಿನ ಒಳ್ಳೆಯ ಔಟರೊಳಗೆ ಇನ್ನೊಂದು ತೆಳು ಪ್ಲಾಸ್ಟಿಕ್ ಕೊಳವೆ ಇದೆ, ದುಬಾರಿಯದಾದರೆ ಟೆಫ್ಲಾನ್ ಲೇಪ. 1938ರಲ್ಲಿ ಫ್ರಿಜ್ಜಿನ ಗ್ಯಾಸು ಹುಡುಕುತ್ತಿದ್ದ ರಾಯ್ ಪ್ಲಂಕೆಟ್ ಎಂಬ ರಸಾಯನ ಶಾಸ್ತ್ರಜ್ಞರ ಕೈಗೆ ಆಕಸ್ಮಿಕವಾಗಿ ಸಿಕ್ಕಿದ ವಸ್ತು. ದೋಸೆ ಕಾವಲಿಗೆ ಬಂದದ್ದೂ ಅದೇ. ಇನ್ನರು ಸ್ಟೇನ್‌ಲೆಸ್ ಸ್ಟೀಲಿನದು ಸಿಗುತ್ತದೆ. ಇವೆರಡೂ ಸೇರಿದರೆ ವಯರು ಬಹಳ ಕಾಲ ಬಾಳುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಔಟರಿನ ಸುರುಳಿ ಇವತ್ತಿಗೂ ಮಾಮೂಲಿ ಉಕ್ಕು. ಅದರ ತುದಿಯನ್ನು ಕಟ್ಟಿಂಗ್ ಪ್ಲೇಯರಿನಲ್ಲಿ ಜಜ್ಜಿ ಕತ್ತರಿಸಿ, ಅರದಲ್ಲಿ ಸಮ ಮಾಡದೆ, ಕ್ಯಾಪು ಹಾಕದೆ ಕೂರಿಸಿದರೆ ತುಕ್ಕು ಆ ತುದಿಯಿಂದಲೇ ಒಳಗೆ ನಡೆಯುತ್ತದೆ. ಅರ್ಜೆಂಟಿನ ಕೆಲಸದಲ್ಲಿ ಎಲ್ಲರೂ ತಪ್ಪಿಸುವುದು ಈ ಅರದ ಕೆಲಸವನ್ನೇ.

ಬ್ಯಾಟರಿ ಸೈಕಲುಗಳು ಬಂದ ಮೇಲೆ ಈ ಹಳೇ ರೋಗಕ್ಕೆ ಹೊಸ ವೇಷ ಬಂದಿದೆ. 250 ವ್ಯಾಟಿಗಿಂತ ಕಡಿಮೆ ಮೋಟರು, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗವಾದರೆ ನೋಂದಣಿ, ಲೈಸೆನ್ಸು ಬೇಡ. ಹಾಗಾಗಿ ಕಾಲೇಜು ಮಕ್ಕಳು, ಪೇಟೆಗೆ ಹಾಲು ಹಾಕುವವರು, ಮೊಣಕಾಲು ನೋವಿನ ನಿವೃತ್ತ ಮಾಸ್ತರರು ಎಲ್ಲ ಕೊಂಡಿದ್ದಾರೆ. ಗಾಡಿ ಬಂದು ನಿಂತಾಗ ಹೇಳುವ ದೂರಿನಲ್ಲಿ ಬ್ರೇಕಿನ ಸುದ್ದಿಯೇ ಇರುವುದಿಲ್ಲ. ಒಬ್ಬರು ಬ್ಯಾಟರಿ ಹೋಯಿತು ಎನ್ನುತ್ತಾರೆ, ಮೊದಲಿನಷ್ಟು ದೂರ ಬರುವುದಿಲ್ಲವಂತೆ. ಇನ್ನೊಬ್ಬರು ಮೋಟರು ಹೋಯಿತು ಎನ್ನುತ್ತಾರೆ, ಥ್ರಾಟಲ್ ತಿರುಗಿಸಿದರೂ ಸುಮ್ಮನಿದೆಯಂತೆ.

ಮೊದಲನೆಯವರ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸುತ್ತೇನೆ. ಒಂದು ಸುತ್ತೂ ಪೂರ್ತಿ ಬರದೆ ನಿಲ್ಲುತ್ತದೆ. ವಯರು ಅರ್ಧಕ್ಕೆ ಹಿಡಿದು ಬ್ರೇಕು ಸದಾ ಸ್ವಲ್ಪ ತಾಗಿಕೊಂಡೇ ಇದೆ. ಪೆಡಲ್ ಸೈಕಲಾಗಿದ್ದರೆ ಪೇಟೆ ಮುಟ್ಟುವ ಮೊದಲೇ ತೊಡೆ ಹೇಳುತ್ತಿತ್ತು. ಇಲ್ಲಿ ಆ ಭಾರವನ್ನು ಮೋಟರು ಸದ್ದಿಲ್ಲದೆ ಎಳೆಯುತ್ತದೆ, ಸವಾರರಿಗೆ ಗೊತ್ತಾಗುವುದು ಬ್ಯಾಟರಿಯ ಗೆರೆ ಬೇಗ ಇಳಿದಾಗ. ಎರಡನೆಯವರದು ಇನ್ನೂ ಸಣ್ಣ ವಿಷಯ. ಈ ಗಾಡಿಗಳ ಬ್ರೇಕ್ ಲಿವರಿನೊಳಗೆ ಒಂದು ಸ್ವಿಚ್ಚು ಇರುತ್ತದೆ, ಬ್ರೇಕ್ ಒತ್ತಿದ ಕೂಡಲೇ ಮೋಟರಿಗೆ ಕರೆಂಟು ನಿಲ್ಲಲಿ ಎಂದು. ವಯರು ಹಿಡಿದು ಲಿವರು ಪೂರ್ತಿ ವಾಪಸ್ ಬಾರದಿದ್ದರೆ ಗಾಡಿಯ ಲೆಕ್ಕದಲ್ಲಿ ಬ್ರೇಕು ಇನ್ನೂ ಒತ್ತಿಯೇ ಇದೆ. ಮೋಟರು ಏಳುವುದಿಲ್ಲ. ಲಿವರನ್ನು ಬೆರಳಿನಿಂದ ಹೊರಕ್ಕೆ ತಳ್ಳಿದರೆ ಎದ್ದುಬಿಡುತ್ತದೆ. ಕಂಟ್ರೋಲರ್ ಬದಲಿಸಬೇಕು ಎಂದು ಬೇರೆ ಕಡೆ ದೊಡ್ಡ ಮೊತ್ತ ಕೇಳಿಸಿಕೊಂಡು ಬಂದವರೂ ಇದ್ದಾರೆ. ಯಾರು, ಎಲ್ಲಿ ಎಂಬುದು ಇಲ್ಲಿ ಬೇಡ.

ಸ್ಕೂಟರಿನವರಿಗೆ ಇನ್ನೊಂದು ಗಂಟು ಇದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಒಂದೇ ಲಿವರಿನಲ್ಲಿ ಎರಡೂ ಚಕ್ರದ ಬ್ರೇಕು ಕೂಡಿ ಹಿಡಿಯುವ ಏರ್ಪಾಡು, ಅದಿಲ್ಲದಿದ್ದರೆ ಎಬಿಎಸ್, ಕಡ್ಡಾಯವಾಯಿತು. ಸುರಕ್ಷೆಗೆ ಒಳ್ಳೆಯದೇ. ಆದರೆ ಡ್ರಮ್ ಬ್ರೇಕಿನ ಗಾಡಿಯಲ್ಲಿ ಆ ಜೋಡಣೆಯನ್ನು ಮಾಡುವುದು ವಯರೇ, ಹಾಗಾಗಿ ಹಿಡಿಯುವ ವಯರು ಒಂದು ಹೆಚ್ಚಾಯಿತು.

ಮೇ ತಿಂಗಳ ಕೊನೆಗೆ, ಮೊದಲ ಮಳೆಗೆ ಮುಂಚೆ, ಕೆಲವರು ಗಾಡಿ ತಂದು ಬಿಡುತ್ತಾರೆ. ಇನ್ನರು ಪೂರ್ತಿ ಹೊರಗೆಳೆದು ಬಿಳಿ ಬಟ್ಟೆಯಲ್ಲಿ ಒರೆಸುತ್ತೇನೆ. ಬಟ್ಟೆಗೆ ಕಪ್ಪು ಹತ್ತಿದರೆ ಚಿಂತೆಯಿಲ್ಲ, ಕೆಂಪು ಹತ್ತಿದರೆ ಔಟರು ಸಮೇತ ಬದಲು. ತುಕ್ಕು ಕಂಡ ವಯರಿಗೆ ಎಣ್ಣೆ ಬಿಟ್ಟು ಕಳಿಸುವುದಿಲ್ಲ, ಎಷ್ಟೇ ಚೌಕಾಸಿ ಮಾಡಲಿ. ಹಾಕುವಾಗ ಔಟರಿನ ಜೋತು ಎಲ್ಲಿ ಬೀಳುತ್ತದೆ ನೋಡುತ್ತೇನೆ. ಹಿಂದಿನ ಬ್ರೇಕಿಗೆ ಹೋಗುವ ಔಟರು ಕೊನೆಯಲ್ಲಿ ಕೆಳಗಿಳಿದು ಮತ್ತೆ ಮೇಲಕ್ಕೆ ತಿರುಗಿದ್ದರೆ ಆ ತಿರುವಿನಲ್ಲಿ ನೀರು ನಿಲ್ಲುವುದು ಖಂಡಿತ. ಉದ್ದ ಸ್ವಲ್ಪ ಕತ್ತರಿಸಿದರೆ ತಿರುವು ನೆಟ್ಟಗಾಗುತ್ತದೆ. ಅದಾಗದಿದ್ದರೆ ತಿರುವಿನ ಅಡಿಯಲ್ಲಿ ಔಟರಿನ ಹೊರಗಿನ ಪ್ಲಾಸ್ಟಿಕ್ಕನ್ನು ಒಂದು ಗೆರೆಯಷ್ಟು ಸೀಳುತ್ತೇನೆ, ಸುರುಳಿಯ ಸಂದಿಗೆ ಸೇರಿದ ನೀರಾದರೂ ಇಳಿಯಲಿ ಎಂದು. ಹೊಸ ಔಟರಿಗೆ ಬ್ಲೇಡು ಹಾಕುವುದನ್ನು ಕಂಡು ಗಿರಾಕಿಗಳು ಗಾಬರಿಯಾಗುತ್ತಾರೆ. ಲಿವರಿನ ಬಾಯಿಗೆ ರಬ್ಬರ್ ಟೋಪಿ. ರಾತ್ರಿ ಪ್ಲಾಸ್ಟಿಕ್ ಹೊದಿಸುವವರಿಗೆ ಹೊದಿಸಬೇಡಿ, ಒಳಗೆ ಬೆವರುತ್ತದೆ, ಮಾಡಿನ ಅಡಿ ನಿಲ್ಲಿಸಿದರೆ ಸಾಕು ಎನ್ನುತ್ತೇನೆ. ಊರಿಗೆ ಹೋಗುವುದಿದ್ದರೆ ಮನೆಯಲ್ಲಿರುವವರಿಗೆ ದಿನಕ್ಕೊಮ್ಮೆ ಎರಡೂ ಲಿವರ್ ನಾಲ್ಕು ಸಲ ಒತ್ತಲು ಹೇಳಿ ಹೋಗಿ ಎಂದೂ ಹೇಳುತ್ತೇನೆ. ಅದನ್ನು ಕೇಳಿ ನಗುತ್ತಾರೆ.

ಈಗ ಎಣ್ಣೆ ತುಂಬಿದ ಹೈಡ್ರಾಲಿಕ್ ಬ್ರೇಕಿನ ಬ್ಯಾಟರಿ ಸೈಕಲುಗಳೂ ಕಾಣತೊಡಗಿವೆ. ಅದರಲ್ಲಿ ವಯರೇ ಇಲ್ಲ, ಮಳೆನೀರಿಗೆ ಬಾಯಿಯೂ ಇಲ್ಲ. ಬೆಲೆ ಜಾಸ್ತಿ, ಕೆಲಸ ಚೊಕ್ಕ. ಕೆಲವಕ್ಕೆ ಮಿನರಲ್ ಆಯಿಲು, ಕೆಲವಕ್ಕೆ ಡಾಟ್ ಫ್ಲೂಯಿಡ್ಡು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಒಳಗಿನ ಸೀಲು ಊದಿಕೊಂಡು ಬ್ರೇಕೇ ಹೋಗುತ್ತದೆ. ಡಾಟ್ ಫ್ಲೂಯಿಡ್ಡು ಗಾಳಿಯ ತೇವ ಹೀರುತ್ತದೆ ಕೂಡ, ನಮ್ಮೂರ ಗಾಳಿಯಲ್ಲಿ ಅದಕ್ಕೇನು ಬರಗಾಲವಿಲ್ಲ. ಅದರ ಗಾಳಿ ತೆಗೆಯುವ ಕಿಟ್ಟು ನಾನು ಇನ್ನೂ ತರಿಸಿಲ್ಲ. ಮಗ ತರಿಸೋಣ ಎನ್ನುತ್ತಿದ್ದಾನೆ. ಸದ್ಯಕ್ಕೆ ಅಂಥ ಗಾಡಿ ಬಂದರೆ ಉಡುಪಿಗೆ ಒಯ್ಯಲು ಹೇಳಿ, ಚೈನಿಗೆ ಮಾತ್ರ ಎಣ್ಣೆ ಬಿಟ್ಟು ಕಳಿಸುತ್ತೇನೆ.